ಅಕ್ಕನ ಕಣ್ಣು, ನನ್ನ ಅರ್ಜಿ

ನನ್ನ ಅಕ್ಕನಿಗೆ ಉಳಿದಿದ್ದದ್ದು ಒಂದೇ ಕಣ್ಣು, ಬಲಗಣ್ಣು. ಅದು ಹೋಗಲು ಕಾರಣ ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ಬರೆಯುವುದು ಸಲೀಸಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಇಷ್ಟು ಬರೆದು ನಾಲ್ಕು ದಿನ ಈ ನೋಟುಪುಸ್ತಕವನ್ನು ಮುಟ್ಟಿರಲಿಲ್ಲ.

ನಮ್ಮದು ಹೊಸೂರಿಗೂ ಕೃಷ್ಣಗಿರಿಗೂ ನಡುವೆ, ಹೆದ್ದಾರಿ ಬಿಟ್ಟು ಒಳಕ್ಕೆ ಹೋಗುವ ಊರು. ಮಾವಿನ ತೋಪು, ಮಾವಿನ ಸಸಿ ಮಾರುವ ನರ್ಸರಿ, ಇದೇ ನಮ್ಮ ಬದುಕು. ಅಕ್ಕ ಕಸಿ ಕಟ್ಟುವವಳು. ಮಾವಿನ ಓಟೆಯಿಂದ ಎದ್ದ ಸಸಿಯ ಕಾಂಡವನ್ನು ಬ್ಲೇಡಿನಿಂದ ಸೀಳಿ, ಒಳ್ಳೆ ಜಾತಿಯ ಮರದ ಕಡ್ಡಿಯನ್ನು ಅದೇ ಅಳತೆಗೆ ಚೂಪು ಮಾಡಿ, ಸಿಪ್ಪೆಗೆ ಸಿಪ್ಪೆ ಕೂಡಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಕೂದಲೆಳೆಯಷ್ಟು ಜಾರಿದರೂ ಕಡ್ಡಿ ಒಣಗುತ್ತದೆ. ಅಕ್ಕ ಕಟ್ಟಿದ್ದು ಒಣಗುತ್ತಿರಲಿಲ್ಲ. ಮದುವೆಯಾದ ನಾಲ್ಕನೇ ವರ್ಷಕ್ಕೆ ಭಾವ ತೀರಿಕೊಂಡು ತವರಿಗೆ ಬಂದವಳು, ಆಗಿನಿಂದ ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕಸಿ ಕಟ್ಟಿ ಕಟ್ಟಿಯೇ ನನ್ನನ್ನು ಐಟಿಐ ಓದಿಸಿದಳು. ನಾನು ಮೂಕಂಡಪಲ್ಲಿ ಕಡೆಯ ಒಂದು ಕಾರ್ಖಾನೆಗೆ ಸೇರಿ, ಅಲ್ಲೇ ಕ್ವಾಲಿಟಿ ಚೆಕಿಂಗ್ ವಿಭಾಗದಲ್ಲಿ ತಲೆ ನರೆಸಿಕೊಂಡು ನಿವೃತ್ತನಾದೆ. ಬೇರೆಯವರು ಮಾಡಿದ ಸಾಮಾನಿನಲ್ಲಿ ತಪ್ಪು ಹಿಡಿಯುವುದು ನನ್ನ ಕೆಲಸವಾಗಿತ್ತು. ಆ ಚಾಳಿ ಮನೆಗೂ ಬಂತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನನ್ನ ಹೆಂಡತಿ ಮದುವೆಯಾದ ಮೊದಲ ವರ್ಷದಿಂದಲೂ ಹೇಳುತ್ತ ಬಂದಿದ್ದಾಳೆ.

ಅಕ್ಕನ ಎಡಗಣ್ಣು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ. ಒಂದು ದಿನ ಬಲಗಣ್ಣಿಗೆ ಧೂಳು ಬಿದ್ದು, ಅಂಗೈಯಿಂದ ಉಜ್ಜಿಕೊಳ್ಳುತ್ತ, "ಕರೆಂಟು ಹೋಯ್ತೇನ್ಲಾ?" ಎಂದಳು. ಮಟಮಟ ಮಧ್ಯಾಹ್ನ, ನಾವಿಬ್ಬರೂ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದೆವು. ನಾನು ನಕ್ಕೆ. ಆಮೇಲೆ ಅವಳ ಬಲಗಣ್ಣನ್ನು ನನ್ನ ಕೈಯಿಂದ ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ಆಡಿಸಿ ನೋಡಿದೆ. ಅವಳು ಎಲ್ಲೋ ನೋಡುತ್ತ ಕೂತಿದ್ದಳು.

ಹೊಸೂರಿನ ಕಣ್ಣಾಸ್ಪತ್ರೆಯಲ್ಲಿ ಅದನ್ನು ಗ್ಲಾಕೋಮಾ ಎಂದರು. ನಮ್ಮ ಕಡೆಯವರು ಕಣ್ಣಿನ ಪ್ರೆಷರ್ ಅನ್ನುತ್ತಾರೆ. ಕಣ್ಣಿನೊಳಗಿನ ನೀರು ಸರಿಯಾಗಿ ಹೊರಗೆ ಹೋಗದೆ ಒತ್ತಡ ಏರಿ, ಹಿಂದಿನ ನರವನ್ನು ಸದ್ದಿಲ್ಲದೆ ಸಾಯಿಸುತ್ತದಂತೆ. ಹೋದದ್ದು ವಾಪಸು ಬರುವುದಿಲ್ಲ. ಬಲಗಣ್ಣಿನಲ್ಲೂ ಅಂಚಿನ ನೋಟ ಆಗಲೇ ಸವೆದಿತ್ತು, ನಡುವೆ ಒಂದು ತಟ್ಟೆಯಷ್ಟು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಡ್ರಾಪ್ಸ್‌ನಿಂದ ಒತ್ತಡ ಇಳಿಯಲಿಲ್ಲ. ಆಪರೇಷನ್ ಮಾಡಿ, ಮೇಲಿನ ರೆಪ್ಪೆಯ ಕೆಳಗೆ ನೀರು ಹರಿಯಲು ಹೊಸದೊಂದು ಸಣ್ಣ ದಾರಿ ಮಾಡಿದರೆ ಇರುವಷ್ಟನ್ನು ಉಳಿಸಬಹುದು ಎಂದರು ಡಾಕ್ಟರು. ಅಕ್ಕ ಕೇಳಿದ್ದು ಒಂದೇ ಮಾತು: "ಕಸಿ ಕಟ್ಟಕ್ಕಾಯ್ತದಾ ಸಾರ್?" ಜಾಗ್ರತೆಯಾಗಿದ್ದರೆ ಆಗುತ್ತದೆ ಎಂದರು.

ಇನ್ನು ಇಟ್ಟಿಗೆ ಗೂಡಿನ ವಿಷಯ. ಊರಿನ ಪಡುವಲಿಗೆ, ನಮ್ಮ ತೋಪಿನ ಬೇಲಿಯಿಂದ ಕೂಗಳತೆಯಲ್ಲಿ ಅದು ಎದ್ದು ಕೆಲವು ವರ್ಷಗಳಾಗಿದ್ದವು. ಯಜಮಾನ ನನ್ನ ಜೊತೆ ಓದಿದವನೇ. ಗೂಡು ಉರಿಯಲು ಶುರುವಾದ ಮರುವರ್ಷವೇ ಮಾವಿನ ಎಲೆಗಳ ತುದಿ ಕಂದಿ, ಅಂಚು ಸುಟ್ಟಂತಾಗಿ, ಕಾಯಿಯ ಮೂತಿ ಕಪ್ಪಾಗತೊಡಗಿತು. ನೋಡಲು ಬಂದ ತೋಟಗಾರಿಕೆಯ ಅಧಿಕಾರಿಯೊಬ್ಬರು ಎಲೆಯನ್ನು ಬಿಸಿಲಿಗೆ ಹಿಡಿದು, ಇದು ರೋಗವಲ್ಲ, ಗೂಡಿನ ಹೊಗೆ ಎಂದರು. ಇಟ್ಟಿಗೆಯ ಮಣ್ಣಿನಲ್ಲಿ ಫ್ಲೋರಿನ್ ಇರುತ್ತದೆ, ಬೆಂಕಿಯ ಕಾವಿಗೆ ಅದು ಮಣ್ಣು ಬಿಟ್ಟು ಗಾಳಿಗೆ ಬರುತ್ತದೆ, ಎಲೆ ಅದನ್ನು ಕುಡಿದು ತುದಿಯಲ್ಲಿ ಸಾಯುತ್ತದೆ, ಮನುಷ್ಯರಿಗೂ ಕಣ್ಣು ಗಂಟಲು ಉರಿಸುತ್ತದೆ ಎಂದು ಬಿಡಿಸಿ ಹೇಳಿದರು. ನೀರಿನ ಫ್ಲೋರೈಡ್ ನಮಗೆ ಹೊಸದಲ್ಲ. ಬೋರ್ ನೀರು ಕುಡಿದು ಬೆಳೆದ ನಮ್ಮ ಕಡೆಯವರು ಬಾಯಿ ತೆರೆದರೆ ಸಾಕು, ಹಲ್ಲೇ ಹೇಳುತ್ತದೆ. ನನ್ನದೂ ಅದೇ ಕಂದು ಹಲ್ಲು. ಆದರೆ ಅದು ಗಾಳಿಯಲ್ಲೂ ಬರುತ್ತದೆ ಎನ್ನುವುದು ಹೊಸ ಸುದ್ದಿ.

ಆ ಒಂದು ಮಾತು ನನ್ನ ತಲೆಗೆ ಹೊಕ್ಕಿತು. ನಿವೃತ್ತನಾದವನಿಗೆ ಮತ್ತೆ ಕೆಲಸ ಸಿಕ್ಕಂತಾಯಿತು. ಸುಟ್ಟ ಎಲೆಗಳನ್ನು ಕಾರ್ಖಾನೆಯ ಹಳೆಯ ರಿಜಿಸ್ಟರಿನಲ್ಲಿ ಒತ್ತಿ ಒಣಗಿಸಿ, ಯಾವ ಮರದ್ದು, ಯಾವ ದಿಕ್ಕಿನ ಕೊಂಬೆಯದ್ದು, ಯಾವ ವಾರದ್ದು ಎಂದು ಬರೆದಿಡುತ್ತಿದ್ದೆ. ಕೃಷ್ಣಗಿರಿಯ ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ಸೋಮವಾರ ಜನರ ಅಹವಾಲು ಕೇಳುತ್ತಾರೆ, ಅಲ್ಲಿಗೆ ಅರ್ಜಿ ಹಿಡಿದು ಹೋಗುತ್ತಿದ್ದೆ. ಪ್ರತಿ ಸಲವೂ ಒಂದು ಸೀಲು ಹಾಕಿದ ಚೀಟಿ ಸಿಗುತ್ತಿತ್ತು. ಊರಲ್ಲಿ ನನಗೆ ಫ್ಲೋರಿನಪ್ಪ ಎಂದು ಹೆಸರಿಟ್ಟರು. ಟೀ ಅಂಗಡಿಗೆ ಹೋದರೆ, "ಫ್ಲೋರಿನಪ್ಪ ಬಂದ್ರು, ಜಾಗ ಬಿಡ್ರಪ್ಪ" ಎನ್ನುವರು. ಯಾರಿಗಾದರೂ ಕೆಮ್ಮು ಬಂದರೂ, ಹಸು ಹಾಲು ಕಮ್ಮಿ ಕೊಟ್ಟರೂ, ಸಾರಿಗೆ ಉಪ್ಪು ಜಾಸ್ತಿಯಾದರೂ ನಾನು ಗೂಡಿನ ಹೊಗೆಯನ್ನೇ ಬೈಯುತ್ತೇನೆಂದು ಅಣಕ. ಅಕ್ಕನೂ ಬಿಡುತ್ತಿರಲಿಲ್ಲ. "ಎಲೆ ಒಣಗ್ಸಿ ಒಣಗ್ಸಿ ಏನ್ಲಾ ಮಾಡ್ತೀಯ, ಉಪ್ಪಿನಕಾಯಾ?" ಎನ್ನುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವ ಗಾದೆಯನ್ನು ಊರವರು ನನ್ನ ಎದುರಿಗೇ ಹೇಳಿದ್ದಾರೆ. ನಾನು ರೇಗಿ ಎದ್ದು ಬಂದಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಕೋಲಾರದ ಕಡೆ ಹೋಗಿದ್ದಳು, ಹಾಗಾಗಿ ಡ್ರಾಪ್ಸ್ ಹಾಕುವುದು ನನ್ನ ಪಾಲಿಗೆ ಬಂತು. ಎರಡು ಸೀಸೆ. ಒಂದು ನೀರಿನಂತೆ ತಿಳಿ, ಸೋಂಕು ತಗಲದಿರಲು. ಇನ್ನೊಂದು ಹಾಲಿನಂತೆ ಬೆಳ್ಳಗೆ, ಸ್ಟಿರಾಯ್ಡ್. ಬೇರೆ ಆಪರೇಷನ್ನಿನಲ್ಲಿ ಗಾಯ ಬೇಗ ಕೂಡಿಕೊಳ್ಳಲಿ ಎಂದು ಕಾಯುತ್ತಾರೆ. ಇದರಲ್ಲಿ ಕೂಡಿಕೊಂಡರೆ ಹೊಸ ದಾರಿ ಮುಚ್ಚಿಹೋಗುತ್ತದೆ, ಅದಕ್ಕೇ ಈ ಬಿಳಿ ಔಷಧಿಯನ್ನು ವಾರಗಟ್ಟಲೆ ಬಿಡಬೇಕು, ಒಮ್ಮೆಗೇ ನಿಲ್ಲಿಸದೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಇದನ್ನು ಅಕ್ಕನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು. "ಹುಟ್ದಾಗ್ನಿಂದ ಗಾಯ ಕೂಡ್ಸಿದ್ದೇ ಆಯ್ತು. ಕೂಡಬಾರ್ದು ಅನ್ನೋ ಗಾಯ ನನ್ ಕಣ್ಣಲ್ಲೇ ಆಗ್ಬೇಕಾ?" ಎಂದಳು.

ನಾನು ಕಾರ್ಖಾನೆಯ ಶಿಸ್ತಿನಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಮೊದಲ ವಾರ ಬಿಳಿ ಸೀಸೆ ಹಗಲೆಲ್ಲ ಗಂಟೆಗೊಮ್ಮೆ. ಫೋನಿನಲ್ಲಿ ಅಲಾರಂ. ಕೈ ತೊಳೆದು, ಸೀಸೆ ಕುಲುಕಿ, ಕೆಳಗಿನ ರೆಪ್ಪೆ ಜಗ್ಗಿ, ಸೀಸೆಯ ಮೂತಿ ಕಣ್ಣಿಗೆ ತಾಗದಂತೆ ಒಂದೇ ಒಂದು ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಮೆತ್ತಗೆ ಒತ್ತಿ ಹಿಡಿಯಬೇಕು. ಎರಡು ಔಷಧಿಗಳ ನಡುವೆ ಹತ್ತು ನಿಮಿಷ ಬಿಡುವು. ಹಾಕಿದ್ದಕ್ಕೆಲ್ಲ ಪಟ್ಟಿಯಲ್ಲಿ ಗುರುತು. "ನಮ್ ಅವ್ವನೂ ನನ್ನ ಇಷ್ಟು ನೋಡ್ಕಂಡಿರ್ಲಿಲ್ಲ ಕಣ್ಲಾ" ಎಂದಳೊಮ್ಮೆ ಅಕ್ಕ. ಒಂದು ಹನಿಯೂ ತಪ್ಪಲಿಲ್ಲ. ಮೂರನೇ ವಾರ ಡಾಕ್ಟರು ಕಣ್ಣು ನೋಡಿ, ಒತ್ತಡ ಚೆನ್ನಾಗಿ ಇಳಿದಿದೆ ಎಂದು ತಿಳಿ ಸೀಸೆ ನಿಲ್ಲಿಸಿ, ಬಿಳಿಯದನ್ನು ದಿನಕ್ಕೆ ನಾಲ್ಕಕ್ಕೆ ಇಳಿಸಿದರು. ಗೂಡಿನ ಹೊಗೆಯ ಬಗ್ಗೆ ಅವರ ಮುಂದೆಯೂ ನಾನು ದೊಡ್ಡ ಭಾಷಣ ಬಿಗಿದೆ. ಕಿಟಕಿ ಮುಚ್ಚಿಡಿ, ಕಪ್ಪು ಕನ್ನಡಕ ಹಾಕಿ ಎಂದಷ್ಟೇ ಹೇಳಿ ಅವರು ಇನ್ನೊಂದು ಮಾತನ್ನು ಒತ್ತಿ ಹೇಳಿದರು. ಕಣ್ಣು ಕೆಂಪಾದರೆ, ನೋವು ಬಂದರೆ, ಬೆಳಕು ಚುಚ್ಚಿದರೆ, ಮಂಜಾದರೆ ಅದೇ ದಿನ ಬರಬೇಕು. ಈ ಹೊಸ ದಾರಿಯಿಂದ ಸೋಂಕು ಒಳಗೆ ಇಳಿದರೆ ಕಣ್ಣು ಗಂಟೆಗಳ ಲೆಕ್ಕದಲ್ಲಿ ಹೋಗುತ್ತದೆ. ಇದನ್ನೇ ಅಚ್ಚು ಹಾಕಿದ್ದ ಕಾಗದವನ್ನೂ ಕೊಟ್ಟರು. ಅದನ್ನೂ ಪಟ್ಟಿಯ ಪಕ್ಕದಲ್ಲೇ ಅಂಟಿಸಿದೆ. ಅಕ್ಕನಿಗೆ ಓದಿ ಹೇಳಿದವನೂ ನಾನೇ.

ಐದನೇ ವಾರದ ಶುಕ್ರವಾರ ಗಾಳಿ ನಿಂತುಹೋಯಿತು. ಗೂಡಿಗೆ ಹೊಸದಾಗಿ ಬೆಂಕಿ ಹಾಕಿದ್ದರು. ಹೊಗೆ ಮೇಲಕ್ಕೇಳದೆ ಊರ ಮೇಲೆಯೇ ಕಂಬಳಿಯಂತೆ ಕೂತಿತು. ಎಲ್ಲರ ಕಣ್ಣೂ ಉರಿ, ಗಂಟಲಲ್ಲಿ ಕೆರೆತ. ಟೀ ಅಂಗಡಿಯವನು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಟೀ ಎತ್ತಿ ಹೊಯ್ಯುತ್ತಿದ್ದ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಅಕ್ಕನ ಬಲಗಣ್ಣು ಕೆಂಡವಾಗಿತ್ತು, ನೀರು ಸುರಿಯುತ್ತಿತ್ತು.

ಈಗ ಬರೆಯಬೇಕಾದ್ದನ್ನು ನಾನು ಯಾರಿಗೂ ಹೇಳಿಲ್ಲ. ಆ ಕಣ್ಣು ನೋಡಿ ನನಗೆ ಸಂತೋಷವಾಯಿತು. ಅಯ್ಯೋ ಎಂದೆ ನಿಜ, ಆದರೆ ಒಳಗೊಳಗೆ ಹಿಗ್ಗಿದೆ. ಇಷ್ಟು ವರ್ಷ ಒಣ ಎಲೆ ತೋರಿಸಿ ಆಗದ ಕೆಲಸ ಈ ಕಣ್ಣು ತೋರಿಸಿದರೆ ಆಗುತ್ತದೆ ಎನ್ನಿಸಿತು. ಆಪರೇಷನ್ ಆದ ಹೆಂಗಸು, ಒಂದೇ ಕಣ್ಣು, ಅದಕ್ಕೂ ಹೊಗೆ ಹೊಡೆದಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರ ಹತ್ತಿರ ಇದ್ದೀತು?

"ಇದು ಹೊಗೆ ಉರಿ ಅಲ್ಲ ಕಣ್ಲಾ," ಎಂದಳು ಅಕ್ಕ. "ಹೊಗೆ ಉರಿ ನಂಗೊತ್ತಿಲ್ವಾ? ಇದು ಒಳಗಡೆ ಯಾರೋ ಹಿಂಡ್ದಂಗಾಯ್ತೈತೆ."

"ಹೊಗೆನೇ ಅಕ್ಕ. ಊರಿಗೆಲ್ಲ ಉರೀತೈತೆ, ನಿಂಗೊಬ್ಬಳಿಗೇ ಬೇರೆ ಏನ್ ಬತ್ತದೆ? ನಿಂದು ಆಪ್ರೇಸನ್ ಆಗಿರೋ ಕಣ್ಣು, ಅದಕ್ಕೇ ಜಾಸ್ತಿ."

"ಆಸ್ಪತ್ರೆಗೆ ಹೋಗಿ ಬಂದ್ಬುಡಾನ."

"ಸೋಮವಾರ ಕೃಷ್ಣಗಿರಿಗೆ ಹೋಗಾನ. ಅವ್ರು ನೋಡ್ಲಿ ಒಂದ್ಸಲ. ಅಲ್ಲಿಂದ ಹಂಗೇ ಹೊಸೂರಿಗೆ ಹೋಗಾನ."

ಗೋಡೆಯ ಮೇಲಿನ ಕಾಗದ ನನ್ನ ಕಣ್ಣೆದುರಿಗೇ ಇತ್ತು. ಹೊಗೆ ಇದ್ದರೆ ಎರಡು ದಿನ ತಡೆಯಬಹುದು ಎಂದು ಅದರಲ್ಲಿ ಬರೆದಿರಲಿಲ್ಲ, ಆ ಸಾಲನ್ನು ನಾನೇ ಸೇರಿಸಿಕೊಂಡೆ. ಸಾಲದ್ದಕ್ಕೆ, ಉರಿ ತಗ್ಗಲಿ ಎಂದು ಬಿಳಿ ಡ್ರಾಪ್ಸ್ ಅನ್ನು ಯಾರನ್ನೂ ಕೇಳದೆ ಎರಡು ಗಂಟೆಗೊಮ್ಮೆಗೆ ಏರಿಸಿದೆ. ಭಾನುವಾರ ನೋವು ಸ್ವಲ್ಪ ಕಮ್ಮಿ ಎಂದಳು. ಆ ಔಷಧಿ ನೋವನ್ನು ಮಾತ್ರ ಅಡಗಿಸಿ ಸೋಂಕಿಗೆ ಬಾಗಿಲು ತೆಗೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಆವತ್ತು ನಾನು ಹಗಲೆಲ್ಲ ಕೂತು ಅರ್ಜಿ ಬರೆದೆ. ತಮಿಳಿನಲ್ಲಿ, ಅಂದವಾದ ಅಕ್ಷರದಲ್ಲಿ, ಹೈಡ್ರೋಜನ್ ಫ್ಲೋರೈಡ್ ಎಂದು ಮೂರು ಕಡೆ. ಅಕ್ಕ ಅಡುಗೆಮನೆಯ ಹೊಸಿಲ ಮೇಲೆ ಕೂತು, ಸೆರಗಿನ ತುದಿಯನ್ನು ಕೆನ್ನೆಗೆ ಹಿಡಿದುಕೊಂಡು, ಇಳಿಯುವ ನೀರನ್ನು ಒರೆಸಿಕೊಳ್ಳುತ್ತಿದ್ದಳು. ಬರೆದದ್ದನ್ನು ಓದಿ ಹೇಳಿದೆ. "ಚೆನ್ನಾಗ್ ಬರ್ದಿದ್ದೀಯ" ಎಂದಳು.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋದೆವು. ಕಪ್ಪು ಕನ್ನಡಕದ ಮೇಲೆ ಸೆರಗು ಎಳೆದುಕೊಂಡು ಅಕ್ಕ ನನ್ನ ಭುಜ ಹಿಡಿದು ನಡೆದಳು. ಯಾರಾದರೂ ಸೀಮೆಎಣ್ಣೆ ತಂದು ಮೈಮೇಲೆ ಸುರಿದುಕೊಂಡಾರು ಎಂದು ಕಚೇರಿಯ ಗೇಟಿನಲ್ಲಿ ಪೊಲೀಸರು ಎಲ್ಲರ ಚೀಲ ತೆಗೆಸಿ ನೋಡುತ್ತಾರೆ. ಮಹಿಳಾ ಪೊಲೀಸೊಬ್ಬಳು ಅಕ್ಕನ ಡ್ರಾಪ್ಸ್ ಸೀಸೆಯ ಮುಚ್ಚಳ ತಿರುಗಿಸಿ, ಮೂಗಿಗೆ ಹಿಡಿದು ನೋಡಿ ವಾಪಸು ಕೊಟ್ಟಳು. ನಾನು ಅದನ್ನೇ ದೊಡ್ಡದು ಮಾಡಿ, ಇದು ಗೂಡಿನ ಹೊಗೆಯಿಂದ ಕಣ್ಣು ಕಳೆದುಕೊಳ್ಳುತ್ತಿರುವವರ ಔಷಧಿ ಎಂದು ಸಾಲಿನವರಿಗೆಲ್ಲ ಕೇಳುವಂತೆ ಹೇಳಿದೆ. ಸಾಲು ಉದ್ದವಿತ್ತು. ಫೋನಿನ ಅಲಾರಂ ಹೊಡೆದಾಗ ಅಕ್ಕನನ್ನು ಅಲ್ಲೇ ಮರದ ಕೆಳಗೆ ಕೂರಿಸಿ, ಜನ ನೋಡುವ ಹಾಗೆ ನಿಧಾನವಾಗಿ ಹನಿ ಬಿಟ್ಟೆ. ನೋಡಿದರು. ಅಂಚೆಟ್ಟಿ ಕಡೆಯಿಂದ ಬಂದಿದ್ದ ಮುದುಕಿಯೊಬ್ಬಳು ಲೊಚಗುಟ್ಟಿದಳು. ನನಗೆ ಅದೂ ಬೇಕಾಗಿತ್ತು.

ಒಳಗೆ ಹೋದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಅಧಿಕಾರಿ ಅರ್ಜಿಯನ್ನು ಓದಲು ಕೈಗೆ ತೆಗೆದುಕೊಂಡರು. ಅಷ್ಟಕ್ಕೆ ತಾಳ್ಮೆ ಇಲ್ಲದೆ ನಾನು, "ನೋಡಿ ಸಾರ್" ಎಂದು ನನ್ನ ಕೈಯಾರೆ ಅಕ್ಕನ ಕನ್ನಡಕ ತೆಗೆದುಬಿಟ್ಟೆ. ಬೆಳಕು ಚುಚ್ಚಿ ಅವಳು "ಅಯ್ಯಪ್ಪಾ" ಎಂದು ಮುಖವನ್ನು ನನ್ನ ತೋಳಿಗೆ ಒತ್ತಿಕೊಂಡಳು. ನಾನು ಅವಳ ಗದ್ದ ಹಿಡಿದು ಎತ್ತಿ ತೋರಿಸಿದೆ. ಅಧಿಕಾರಿ ಒಂದು ಸಲ ನೋಡಿ ಅರ್ಜಿಯನ್ನು ಕೆಳಗಿಟ್ಟರು. "ಮೊದಲ್ಲ ಡಾಕ್ಟರ್ ಕಿಟ್ಟ ಕೂಟ್ಟಿಟ್ಟು ಪೋಂಗಯ್ಯಾ" ಎಂದರು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇದೆಲ್ಲ ಆಮೇಲೆ ನೋಡೋಣ, ಬೇಕಿದ್ದರೆ ಗಾಡಿ ಹೇಳುತ್ತೇನೆ ಎಂದರು. ಅವರದು ಒಳ್ಳೆಯ ಮಾತು. ನನಗೆ ಮಾತ್ರ ಅದು ಸಾಗಹಾಕುವ ಉಪಾಯದಂತೆ ಕಂಡಿತು. ಸೀಲು ಹಾಕಿದ ಚೀಟಿ ಕೊಡದ ಹೊರತು ಕದಲುವುದಿಲ್ಲ ಎಂದು ಗಲಾಟೆ ಮಾಡಿದೆ. ಚೀಟಿ ಬರಲು ಇನ್ನೊಂದಷ್ಟು ಹೊತ್ತು ಹಿಡಿಯಿತು. ಅಲ್ಲಿಯವರೆಗೆ ಅಕ್ಕ ವರಾಂಡದ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

ಹೊಸೂರಿನ ಬಸ್ಸು ಟೋಲ್ ದಾಟುವಾಗ ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಮತ್ತೆ ತೆಗೆದಳು.

"ಲೋ, ನಿನ್ ಮುಖ ಕಾಣ್ತಾ ಇಲ್ಲ ಕಣ್ಲಾ," ಎಂದಳು. "ಹಾಲು ಚೆಲ್ದಂಗೈತೆ."

ಪಕ್ಕದಲ್ಲೇ ಕೂತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಒಲೆ ಹತ್ತಿದ್ದು ಆ ಬಸ್ಸಿನಲ್ಲಿ. ಡ್ರೈವರನ್ನು ಬೇಗ ಹೋಗಪ್ಪ ಎಂದು ಬೇಡಿಕೊಂಡೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ, ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಯಂತ್ರಕ್ಕೆ ಗದ್ದ ಇಡಿಸಿ ನೋಡಿದವರು ತಕ್ಷಣ ನರ್ಸನ್ನು ಕೂಗಿದರು. ಹೊಸ ದಾರಿಯ ಮೇಲಿನ ಪೊರೆ ಪೂರ್ತಿ ಬಿಳಿಚಿಕೊಂಡಿದೆ, ಕೀವು ಕಣ್ಣಿನೊಳಕ್ಕೆ ಇಳಿದಿದೆ ಎಂದರು. ಎಂದಿನಿಂದ ಕೆಂಪು ಎಂದು ಕೇಳಿದರು. ಶನಿವಾರದಿಂದ ಎಂದೆ. ಗೂಡಿನ ಹೊಗೆ ಸಾರ್, ಫ್ಲೋರಿನ್, ಊರಿಗೆಲ್ಲ ಹಾಗೇ ಆಗಿದೆ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅಕ್ಕನ ಎಡಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ನನಗೆ ತೋರಿಸಿದರು. ನೋಟ ಸತ್ತ ಆ ಕಣ್ಣು ಬೆಳ್ಳಗೆ, ಶುಭ್ರವಾಗಿತ್ತು.

"ಹೊಗೆ ಎರಡೂ ಕಣ್ಣಿಗೆ ಬಿದ್ದಿರುತ್ತಲ್ಲ?" ಎಂದರು. "ಇದೊಂದೇ ಯಾಕೆ ಕೆಂಪಾಯಿತು ಅಂತ ನೀವು ಯೋಚನೆ ಮಾಡಲಿಲ್ಲವಾ?"

ಮಾಡಲಿಲ್ಲ. ಒಂದು ಮರದ ಪಡುವಲ ಕೊಂಬೆಗೂ ಮೂಡಲ ಕೊಂಬೆಗೂ ಇರುವ ವ್ಯತ್ಯಾಸವನ್ನು ಬರೆದಿಟ್ಟವನು ನಾನು. ಮೂವತ್ತು ವರ್ಷ ಎರಡು ಸಾಮಾನುಗಳನ್ನು ಪಕ್ಕಪಕ್ಕ ಇಟ್ಟು ಇದರಲ್ಲೇನು ಕಡಿಮೆ, ಅದರಲ್ಲೇನು ಹೆಚ್ಚು ಎಂದು ನೋಡಿ ಸಂಬಳ ತೆಗೆದುಕೊಂಡವನು. ನನ್ನ ಅಕ್ಕನ ಮುಖದಲ್ಲಿ ಎರಡು ಕಣ್ಣುಗಳು ಪಕ್ಕಪಕ್ಕದಲ್ಲೇ ಇದ್ದವು.

ಅಂದು ಸಂಜೆಯೇ ಕಣ್ಣಿನೊಳಕ್ಕೆ ಚುಚ್ಚುಮದ್ದು ಕೊಟ್ಟು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಇನ್ನೊಂದು ಆಪರೇಷನ್, ಮತ್ತೆ ಚುಚ್ಚುಮದ್ದು, ಗಂಟೆಗೊಂದು ಹೊಸ ಡ್ರಾಪ್ಸ್. ಮೂರು ವಾರ ಇದ್ದೆವು. ದಿನಾ ಬೆಳಿಗ್ಗೆ ಡಾಕ್ಟರು ಟಾರ್ಚ್ ಬಿಟ್ಟು ಬೆಳಕು ಕಾಣುತ್ತದಾ ಎಂದು ಕೇಳುತ್ತಿದ್ದರು. ಮೊದಲ ಕೆಲವು ದಿನ ಅಕ್ಕ ಹೂಂ ಎಂದಳು. ಒಂದು ಬೆಳಿಗ್ಗೆ, "ಹಾಕಿದ್ದೀರಾ?" ಎಂದು ಕೇಳಿದಳು. ಟಾರ್ಚ್ ಉರಿಯುತ್ತಲೇ ಇತ್ತು. ಶನಿವಾರವೇ ಬಂದಿದ್ದರೆ ಉಳಿಯುತ್ತಿತ್ತಾ ಎಂದು ನಾನು ಡಾಕ್ಟರನ್ನು ಹೊರಗೆ ಕರೆದು ಕೇಳಿದೆ. ಖಂಡಿತ ಅಂತ ಹೇಳಲಾಗುವುದಿಲ್ಲ, ಆದರೆ ಶನಿವಾರ ಅವಕಾಶ ಇತ್ತು ಎಂದರು.

ಮನೆಗೆ ಬಂದ ಮೇಲೆ ಅಕ್ಕ ಒಂದು ದಿನ ನರ್ಸರಿಯಿಂದ ಹತ್ತು ಸಸಿ ತರಿಸಿಕೊಂಡಳು. ಬೆರಳಿಗೆ ಗೊತ್ತಿರುತ್ತದೆ, ಕಟ್ಟಿ ನೋಡುತ್ತೇನೆ ಎಂದಳು. ಎರಡನೆಯದಕ್ಕೇ ಬ್ಲೇಡು ಹೆಬ್ಬೆರಳಿಗೆ ಇಳಿಯಿತು. ರಕ್ತ ಅವಳಿಗೆ ಕಾಣಲಿಲ್ಲ, ಪಟ್ಟಿ ಸುತ್ತುತ್ತಲೇ ಇದ್ದಳು. ನಾನು ಬ್ಲೇಡು ಕಿತ್ತುಕೊಂಡೆ. ಕಟ್ಟಿದ್ದು ಒಂದು ವಾರಕ್ಕೆ ಒಣಗಿತು. ಚಿಗುರಿದೆಯಾ ಎಂದು ಕೇಳಿದಾಗ, ನಾನು ಸುಳ್ಳು ಹೇಳುವುದರೊಳಗೆ ಅವಳೇ ಕೈಚಾಚಿ ಕಡ್ಡಿಯನ್ನು ಮುಟ್ಟಿ ನೋಡಿದಳು. ಆಮೇಲೆ ಅವಳು ಸಸಿ ಕೇಳಲಿಲ್ಲ. ಆ ಕಣ್ಣಿಗೆ ಈಗಲೂ ದಿನಕ್ಕೆರಡು ಸಲ ಡ್ರಾಪ್ಸ್ ಹಾಕುತ್ತೇನೆ. ನೋಟಕ್ಕಲ್ಲ, ಬರೀ ನೋವು ಏಳದಿರಲು. ಹಾಕುವಾಗ ಅವಳು ಮುಖವನ್ನು ಮಗುವಿನಂತೆ ಮೇಲೆತ್ತುತ್ತಾಳೆ. ನನಗೆ ಆ ಮುಖವನ್ನು ನೋಡಲು ಆಗುವುದಿಲ್ಲ, ಹನಿ ಹೊರಗೆ ಬೀಳುತ್ತದೆ.

ಊರಿನಲ್ಲಿ ಮಾತು ಬೇರೆಯೇ ಆಗಿತ್ತು. ನಾನು ಕೃಷ್ಣಗಿರಿಯ ಸಾಲಿನಲ್ಲಿ ಕೂಗಿ ಹೇಳಿದ್ದು ನಮಗಿಂತ ಮೊದಲೇ ಊರಿಗೆ ಬಂದಿತ್ತು. ಗೂಡಿನ ಹೊಗೆಗೆ ಅಕ್ಕನ ಕಣ್ಣು ಹೋಯಿತು ಎಂದೇ ಎಲ್ಲರೂ ಹೇಳುತ್ತಿದ್ದರು. ಟೀ ಅಂಗಡಿಯಲ್ಲಿ ಯಾರೂ ಫ್ಲೋರಿನಪ್ಪ ಎನ್ನಲಿಲ್ಲ, ಎದ್ದು ಜಾಗ ಕೊಟ್ಟರು. "ನೀವು ಹೇಳಿದ್ದೇ ನಿಜ ಆಯ್ತಣ್ಣ" ಎಂದ ಅಂಗಡಿಯವನು. ಅದಲ್ಲ ಕಣಪ್ಪ, ಅದು ಸೋಂಕು, ಎರಡು ದಿನ ತಡ ಮಾಡಿದವನು ನಾನು ಎಂದು ಹೇಳಲು ಎಷ್ಟು ಉಸಿರು ಬೇಕು? ಟೀ ಕುಡಿದು ಎದ್ದು ಬಂದೆ. ಗೂಡಿನ ಯಜಮಾನ ಒಂದು ದಿನ ಮನೆಗೆ ಬಂದ. ಒಳಕ್ಕೆ ಬಾರದೆ ಹೊಸಿಲಾಚೆಯೇ ನಿಂತು, "ನನ್ನಿಂದ ಹಿಂಗಾಗೋಯ್ತಲ್ಲಕ್ಕ, ತಪ್ಪಾಯ್ತು" ಎಂದು ಅತ್ತ. ಅಕ್ಕ, "ಮಜ್ಜಿಗೆ ಕುಡ್ದು ಹೋಗಪ್ಪ" ಎಂದಳು, ಅಷ್ಟೇ. ಮಜ್ಜಿಗೆ ತಂದುಕೊಟ್ಟವನು ನಾನು. ಅವನು ಲೋಟ ಹಿಡಿದು ನನ್ನ ಮುಖ ನೋಡಲು ನಾಚಿ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

ಆ ಅರ್ಜಿ ಮಾತ್ರ ಕೆಲಸ ಮಾಡಿತು. ಎಲೆಗಳಿಗೆ ಬಾರದವರು ಕಣ್ಣಿಗೆ ಬಂದರು. ಮಾವು ಕೊಯ್ಲಿನ ಹೊತ್ತಿಗೆ ತನಿಖೆಗೆಂದು ಒಂದು ತಂಡ ಬಂದು, ಗಾಳಿ ಅಳೆಯುವ ಪೆಟ್ಟಿಗೆಯನ್ನು ನಮ್ಮ ತೋಪಿನಲ್ಲಿ ನಿಲ್ಲಿಸಿತು, ಸುಟ್ಟ ಎಲೆಗಳನ್ನು ಕವರಿನಲ್ಲಿ ತುಂಬಿಕೊಂಡಿತು. ಹೊಗೆ ಸುಳ್ಳಲ್ಲ, ಎಲೆಯ ತುದಿ ಸುಳ್ಳಲ್ಲ. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಕೊನೆಗೆ ಅಕ್ಕನ ಹೇಳಿಕೆ ಬರೆದುಕೊಳ್ಳಬೇಕೆಂದು ನಮ್ಮ ಜಗಲಿಗೆ ಬಂದರು. ಬೀದಿಯೆಲ್ಲ ಜನ. ಗೂಡಿನ ಯಜಮಾನ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಬರೆದುಕೊಳ್ಳಲು ಕೂತವರು ಹೊಸೂರು ಕಡೆಯವರು, ಕನ್ನಡ ಬರುತ್ತಿತ್ತು. ಡಾಕ್ಟರು ಹೇಳಿದ್ದೇನು ಎಂದು ಕೇಳಿಯೇ ಕೇಳುತ್ತಾರೆ, ಇಂದು ಎಲ್ಲವೂ ಹೊರಗೆ ಬೀಳುತ್ತದೆ ಎಂದು ನಾನು ಕಂಬ ಹಿಡಿದು ನಿಂತಿದ್ದೆ. ನಿಜ ಹೇಳುತ್ತೇನೆ, ಬೀಳಲಿ ಎಂದೇ ಅನ್ನಿಸಿತ್ತು. ಅವಳು ಬೈಯಲಿ, ಊರವರೆದುರು ಉಗಿಯಲಿ. ಮೂರು ತಿಂಗಳಲ್ಲಿ ಅವಳು ಒಂದು ಸಲವೂ ಬೈದಿರಲಿಲ್ಲ.

"ಕಣ್ಣು ಕೆಂಪಾದ್ದು ಯಾವಾಗಮ್ಮ?" ಎಂದರು ಅವರು.

"ಗೂಡ್ ಉರಿದಾಗ ಸಾರ್. ಹೊಗೆ ಕುಂತಿತ್ತು ಊರ್ ಮ್ಯಾಲೆ."

"ಕೆಂಪಾದ ಎಷ್ಟು ದಿನಕ್ಕೆ ಡಾಕ್ಟರ ಹತ್ತಿರ ಹೋದಿರಿ?"

ಅಕ್ಕ ಮುಖವನ್ನು ನಾನು ನಿಂತಿದ್ದ ಕಡೆಗೆ ತಿರುಗಿಸಿದಳು. ನಾನೆಲ್ಲಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಯಿತೋ.

"ಅವತ್ತೇ ಕರ್ಕೊಂಡ್ ಹೋದ ಸಾರ್ ನನ್ ತಮ್ಮ," ಎಂದಳು. "ಒಂದ್ ಗಳಿಗೆನೂ ತಡ ಮಾಡ್ಲಿಲ್ಲ."

ಅವರು ಅದನ್ನು ಹಾಗೆಯೇ ಬರೆದುಕೊಂಡು, ಗಟ್ಟಿಯಾಗಿ ಓದಿ ಹೇಳಿ, ಸರಿಯಾ ಎಂದು ಕೇಳಿದರು. ಅಕ್ಕ ಸರಿ ಎಂದಳು. ಮೊದಲೆಲ್ಲ ಅವಳು ನಿಧಾನವಾಗಿ, ಅಕ್ಷರ ಕೂಡಿಸಿ ಸಹಿ ಹಾಕುತ್ತಿದ್ದಳು. ಈಗ ಅವರು ಅವಳ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿಸಿದರು. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, ಮನೆಯವರು ಯಾರಾದರೂ ಸಾಕ್ಷಿ ಹಾಕಬೇಕು ಎಂದು ಪೆನ್ನು ಚಾಚಿದರು. ನಾನು ತೆಗೆದುಕೊಂಡು, ಅವಳ ಹೆಬ್ಬೆಟ್ಟಿನ ಕೆಳಗೆ ಸಹಿ ಹಾಕಿದೆ.